ಕಾಕಾನ ಕೊರಳಿಗೆ ಆಯಿ ಹಾಕಿದ ಗಂಟು

ಮೊನ್ನೆ ಸಂಜೆ ನಮ್ಮ ಯಜಮಾನರು ಷಟಲ್ ಆಡಿ ಬಂದು, ಸೋಫಾದ ಮೇಲೆ ಕಾಲು ಚಾಚಿ ಮೊಣಕಾಲಿಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನಗೆ, ಹಂಚಿನ ಮೇಲಿನ ಜೋಳದ ಘಮವನ್ನು ದಾಟಿ ಆ ವಾಸನೆ ಬಂತು. ನೀಲಗಿರಿ ಎಣ್ಣೆ, ಕರ್ಪೂರ, ಅದರಡಿಯಲ್ಲಿ ಒಂದಿಷ್ಟು ಬೆವರು. ಕೈ ಹಿಟ್ಟಿನಲ್ಲೇ ನಿಂತಿತು. ಕಲಬುರಗಿಯ ಈ ಫ್ಲ್ಯಾಟು, ಅದರ ಬಿಳಿ ಟೈಲ್ಸು, ಕೆಳಗಿನ ಆಟೋಗಳ ಸದ್ದು ಎಲ್ಲ ಹಿಂದೆ ಸರಿದು, ಆಳಂದದ ನಮ್ಮ ವಾಡೆಯ ಪಡಸಾಲೆ ಕಣ್ಣೆದುರು ಬಂತು. ಎಡಗಡೆ ಒಂದು ಸಣ್ಣ ಕೋಣೆ. ಮುಚ್ಚಿದ ಬಾಗಿಲು. ಬಾಗಿಲ ಸಂದಿನಿಂದ ಹೊರಬೀಳುವ ಇದೇ ವಾಸನೆ. ಹೊರಗೆ, ತೊಗರಿಬೇಳೆ ಆರಿಸುವ ನೆಪದಲ್ಲಿ ಮೈಯೆಲ್ಲ ಕಿವಿಯಾಗಿ ಕೂತ ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ನಿಮ್ಮ ಬಾಲ್ಯದ ಮನೆಯಲ್ಲೂ ಅಂಥ ಒಂದು ಮುಚ್ಚಿದ ಬಾಗಿಲು ಇದ್ದೀತು. ಅದರ ಹಿಂದೆ ಏನಿತ್ತು ಎಂದು ಗೊತ್ತಾಗುವ ಹೊತ್ತಿಗೆ ಹೊರಗೆ ಕಾಯುತ್ತಿದ್ದವರು ಎದ್ದು ಹೋಗಿರುತ್ತಾರೆ.

ನಮ್ಮ ಆಯಿ ಯಾವುದನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಹಾಲಿನಲ್ಲಿ ಬೆರಳದ್ದಿ ಉಗುರಿನ ಮೇಲೆ ಹನಿ ನಿಲ್ಲುತ್ತದೋ ಜಾರುತ್ತದೋ ನೋಡುತ್ತಿದ್ದಳು. ತೊಗರಿಯನ್ನು ಹಲ್ಲಿನಡಿ ಇಟ್ಟು ಕಟ್ಟೆಂದರೆ ಮಾತ್ರ ಒಣಗಿದೆ ಎಂದು ಒಪ್ಪುತ್ತಿದ್ದಳು. ನನ್ನನ್ನು ಸಿಸ್ಟರ್‌ಗಳ ಕಾನ್ವೆಂಟಿಗೆ ಹಾಕಿದ್ದು ಅಪ್ಪನ ಹಟ. ಆಯಿಗೆ ಆ ಶಾಲೆಯ ಬಿಳಿ ಸಾಕ್ಸಿನಿಂದ ಹಿಡಿದು ಊಟಕ್ಕೆ ಮುಂಚಿನ ಪ್ರಾರ್ಥನೆಯವರೆಗೆ ಎಲ್ಲದರ ಮೇಲೂ ಗುಮಾನಿ. ಸಂಜೆ ಮನೆಗೆ ಬಂದ ಕೂಡಲೇ ನನ್ನನ್ನು ಹತ್ತಿರ ಕರೆದು ಕೆನ್ನೆ ಸವರುತ್ತಿದ್ದಳು. ಸವರುತ್ತ ಸವರುತ್ತ ಅವಳ ಬೆರಳು ನನ್ನ ಕೊರಳಿಗೆ ಇಳಿದು ಶಿವದಾರವನ್ನು ಹುಡುಕುತ್ತಿತ್ತು. ಲಿಂಗ ಕಟ್ಟಿದ ದಾರ ಇದ್ದಲ್ಲೇ ಇದೆ ಎಂದು ಖಾತ್ರಿಯಾದ ಮೇಲೆಯೇ ಬೆಲ್ಲ ಶೇಂಗಾ ಕೈಗೆ ಬರುತ್ತಿತ್ತು. ಮೈಮೇಲಿನಿಂದ ಲಿಂಗ ಅಗಲಬಾರದು ಎನ್ನುವುದು ಅವಳ ಮಟ್ಟಿಗೆ ಉಸಿರು ನಿಲ್ಲಬಾರದು ಎನ್ನುವಷ್ಟೇ ಸರಳವಾದ ಮಾತು. ಮನೆಯ ಎಲ್ಲರ ಶಿವದಾರಕ್ಕೂ ಅವಳೇ ಗಂಟು ಹಾಕುತ್ತಿದ್ದಳು. ದಾರದ ತುದಿಯನ್ನು ಒಳಗೆ ಹೊಸೆದು ಅಡಗಿಸಿ ಅಕ್ಕಿಕಾಳಿನಷ್ಟು ಸಣ್ಣದು ಮಾಡುವ ಆ ಗಂಟು ಬೇರೆ ಯಾರಿಗೂ ಬರುತ್ತಿರಲಿಲ್ಲ.

ಅಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಕೊನೆಯ ಮಗ ಮಹಾಂತ ಕಾಕಾ ಫುಟ್‌ಬಾಲ್ ಸ್ಟ್ರೈಕರ್ ಆದ. ಹೈದರಾಬಾದಿನಲ್ಲಿದ್ದ ಸೋದರಮಾವನ ಬೇಳೆ ಅಂಗಡಿಯಲ್ಲಿ ವ್ಯಾಪಾರ ಕಲಿಯಲಿ ಎಂದು ತೊಗರಿ ಲಾರಿಯಲ್ಲಿ ಕೂರಿಸಿ ಕಳಿಸಿದ್ದರಂತೆ. ಅಂಗಡಿಯ ಹಿಂದೆ ಒಂದು ಮೈದಾನ. ಅಲ್ಲಿ ಬರಿಗಾಲಲ್ಲಿ ಆಡುತ್ತಿದ್ದವನ ಎಡಗಾಲನ್ನು ಯಾರೋ ಕೋಚ್ ನೋಡಿದರು. ಮುಂದೆ ಅಲ್ಲಿನ ಒಂದು ಕ್ಲಬ್ಬು ಅವನಿಗೆ ಬೂಟು, ಕೋಣೆ, ತಿಂಗಳ ಪಗಾರ ಕೊಟ್ಟು ಇಟ್ಟುಕೊಂಡಿತು. ನಮ್ಮ ಊರಿನಲ್ಲಿ ಕಬಡ್ಡಿ ಗೊತ್ತು, ಕುಸ್ತಿ ಗೊತ್ತು, ಕ್ರಿಕೆಟ್ ಅಂತೂ ಎಲ್ಲರಿಗೂ ಗೊತ್ತು. ಚೆಂಡು ಒದ್ದು ಸಂಬಳ ಎಣಿಸುವುದು ಯಾವ ಕಸುಬು ಎಂದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಗುತ್ತಿದ್ದರಂತೆ. ಆಯಿಯ ಚಿಂತೆ ಬೇರೆ. ರಜೆಗೆ ಬಂದ ಮಗನನ್ನು ಅವಳು ಮೊದಲು ಕೇಳಿದ್ದು, "ತತ್ತಿ ತಿನಸ್ತಾರೇನೋ ಅಲ್ಲಿ?" ಕಾಕಾ ನಕ್ಕು, "ನಮ್ಮಂಥವರಿಗೆ ತತ್ತಿ ಬದಲಿ ಬಾಳೆಹಣ್ಣು ಕೊಡ್ತಾರ ಯವ್ವಾ" ಅಂದ. "ಬಾಳೆಹಣ್ಣು ತಿಂದವ್ರು ಹಿಂಗ ಕೊಬ್ಬಿ ಬೆಳೀತಾರೇನು?" ಎಂದು ಆಯಿ ಅವನ ತೋಳು ಹಿಡಿದು ನೋಡಿದಳು. ಅದು ಮುದ್ದೋ ತಪಾಸಣೆಯೋ ಎಂದು ಹೇಳುವುದು ಕಷ್ಟವಾಗಿತ್ತು.

ಅವನು ಹೇಗೆ ಆಡುತ್ತಾನೆ ಎಂದು ನಮ್ಮ ಮನೆಯ ಯಾರೂ ನೋಡಿರಲಿಲ್ಲ. ಹಿತ್ತಲಲ್ಲಿ ತೊಗರಿ ಕಟ್ಟಿಗೆಯ ಎರಡು ಕಂತೆ ನಿಲ್ಲಿಸಿ ಅವನೇ ನನಗೆ ತೋರಿಸಿದ್ದ. "ಸ್ಟ್ರೈಕರ್ ಅಂದ್ರ ಭಾಳ ಓಡೂದಲ್ಲ ಪುಟ್ಟಿ. ಇದ್ದೂ ಇಲ್ಲದಂಗ ನಿಲ್ಲೂದು. ಮಂದಿ ನಿನ್ನ ಮರೀಬೇಕು. ಮರೆತ ಗಳಿಗ್ಯಾಗ ಕಾಲು ಹಾಕೂದು." ಎಡಕ್ಕೆ ಕಣ್ಣು ಹಾಯಿಸಿ, ಎಡಕ್ಕೇ ಹೆಗಲು ವಾಲಿಸಿ, ಬಲಕ್ಕೆ ನುಗ್ಗಿದ. ಚೆಂಡು ಕಟ್ಟಿಗೆಯ ನಡುವೆ ಹಾದು ಹಾಗಲಬಳ್ಳಿಯ ಚಪ್ಪರಕ್ಕೆ ಬಡಿಯಿತು. ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದ ಆಯಿ, "ನೋಡಿದೇನ್ ಬೇ, ಕಣ್ಣು ಎತ್ತಲಾಗ, ಕಾಲು ಎತ್ತಲಾಗ! ಇವನ ಮಾತು ಹ್ಯಾಂಗ ನಂಬೂದು?" ಅಂದಳು. ಎಲ್ಲರೂ ನಕ್ಕೆವು. ಆಗ ಅದು ನಗುವ ಮಾತಾಗಿತ್ತು.

ನಗು ನಿಂತದ್ದು ಪತ್ರಿಕೆಯ ಒಂದು ಚಿತ್ರದಿಂದ. ಹೈದರಾಬಾದಿಗೆ ಬೇಳೆ ಹಾಕಿ ಬಂದ ವ್ಯಾಪಾರಿಯೊಬ್ಬರು ಅಲ್ಲಿನ ಉರ್ದು ಪೇಪರ್ ತಂದುಕೊಟ್ಟರು. ನಮ್ಮ ಮುತ್ಯಾ, ಅಂದರೆ ಆಯಿಯ ಯಜಮಾನರು, ನಿಜಾಮರ ಕಾಲದಲ್ಲಿ ಉರ್ದು ಕಲಿತವರು. ಕನ್ನಡಕ ಏರಿಸಿ, ಬಲದಿಂದ ಎಡಕ್ಕೆ ಬೆರಳು ಸರಿಸುತ್ತ ಓದಿ, ಓದಿದ್ದನ್ನು ನಮಗೆ ಕನ್ನಡದಲ್ಲಿ ಹೇಳಿದರು. ಹುಡುಗ ಗುಲ್ಬರ್ಗಾ ಸೀಮೆಯವನಂತೆ. ಎತ್ತರ ಸಾಧಾರಣ, ಎಡಗಾಲು ಚುರುಕು, ಗೋಲಿನ ಮುಂದೆ ನಿದ್ದೆ ಹೋದವನ ಹಾಗೆ ನಿಂತು ಹುಲಿಯ ಹಾಗೆ ಏಳುತ್ತಾನಂತೆ. ಕಲ್ಕತ್ತೆಯವರೂ ಗೋವಾದವರೂ ಅವನನ್ನು ಕೇಳುತ್ತಿದ್ದಾರಂತೆ. ಅಪ್ಪ ಪೇಡೆ ತರಿಸಿದರು. ಪೇಪರ್ ಕೈಯಿಂದ ಕೈಗೆ ದಾಟಿ ಆಯಿಯ ಬಳಿ ಹೋಯಿತು. ಓದಲು ಬಾರದ ಆಯಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಗೋಲು ಹೊಡೆದ ಕಾಕಾ ಎರಡೂ ಕೈ ಚಾಚಿ ಓಡುತ್ತಿದ್ದ. ಅಂಗಿಯ ಕಾಲರ್ ಹರಿದಂತೆ ತೆರೆದು ಎದೆಯ ಅರ್ಧ ಕಾಣುತ್ತಿತ್ತು. ನಾವೆಲ್ಲ ಕಾಲು ನೋಡಿದ್ದೆವು. ಆಯಿ ಕೊರಳು ನೋಡಿದಳು.

"ಶಿವದಾರ ಎಲ್ಲದ?"

"ಫೋಟೋದಾಗ ದಾರ ಕಾಣ್ತದೇನು, ಬಿಡು" ಎಂದು ಮುತ್ಯಾ ಹಗುರ ಮಾಡಲು ನೋಡಿದರು. "ಬೆವರಿನ ಹನಿ ಕಾಣ್ತದ. ದಾರ ಕಾಣಂಗಿಲ್ಲ?" ಎಂದ ಆಯಿ ಪೇಪರನ್ನು ಮಡಚಿ ಬಟ್ಟೆಯ ಪೆಟ್ಟಿಗೆಯಲ್ಲಿ ಇಟ್ಟಳು. ಪೇಡೆಯನ್ನು ಮುಟ್ಟಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಕಾಕಾ ಬಂದಾಗ ಜೊತೆಗೆ ಖಾಜಾ ಮಾಮು ಇದ್ದರು. ಜೇವರ್ಗಿಯವರು, ಅದೇ ಕ್ಲಬ್ಬಿನ ಎರಡನೆಯ ಗೋಲ್‌ಕೀಪರ್, ಹೆಚ್ಚಿನ ಪಂದ್ಯಗಳಲ್ಲಿ ಗೆರೆಯ ಹೊರಗಿನ ಬೆಂಚಿನ ಮೇಲೆ ಕೂರುವವರು. ಬಾಗಿಲು ಹಾಯುವಾಗ ತಲೆ ಬಗ್ಗಿಸಲೇಬೇಕಾದಷ್ಟು ಎತ್ತರ, ಆದರೆ ದನಿ ಮಾತ್ರ ಹೆಣ್ಣುಮಕ್ಕಳಷ್ಟು ಮೆತ್ತಗೆ. ಮಳೆಗಾಲ ಮುಗಿದ ಮೇಲೆ ಕಾಕಾ ಗೋವಾದ ತಂಡಕ್ಕೆ ಹೋಗುವುದೆಂದು ಮಾತಾಗಿತ್ತು. ಅದರ ನಡುವೆ ಅಫಜಲಪುರದ ಒಂದು ಒಳ್ಳೆಯ ಮನೆಯಿಂದ ಸಂಬಂಧವೂ ಬಂದಿತ್ತು. ಎಲ್ಲ ಸುಖವಾಗಿ ಇರಬೇಕಾದ ಆ ದಿನಗಳಲ್ಲಿ ಕಾಕಾ ವಿಚಿತ್ರವಾಗಿ ನಡೆದುಕೊಂಡ. ಊಟಕ್ಕೆ ನಮ್ಮೆಲ್ಲರ ಸಾಲಿನಲ್ಲಿ ನೆಲಕ್ಕೆ ಕೂರದೆ, ಪಡಸಾಲೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಗಂಗಾಳ ಹಿಡಿದ. ಬೆಳಗ್ಗೆ ಮನೆಮಂದಿಯೆಲ್ಲ ಚಕ್ಕಳಮಕ್ಕಳ ಹಾಕಿ, ಎಡಅಂಗೈಯಲ್ಲಿ ಲಿಂಗವಿಟ್ಟು ಪೂಜೆಗೆ ಕೂತರೆ ಅವನು ಸಣ್ಣ ಕೋಣೆ ಸೇರಿ ಅಗಳಿ ಹಾಕಿಕೊಂಡ. ಬಾಗಿಲ ಹಿಂದಿನಿಂದ ವಿಭೂತಿಯ ಬದಲು ಆ ಮುಲಾಮಿನ ವಾಸನೆ ಬಂತು.

ಆಯಿ ಏನನ್ನೂ ಕೇಳಲಿಲ್ಲ. ಕೇಳಿದರೆ ಎಡಕ್ಕೆ ನೋಡಿ ಬಲಕ್ಕೆ ಹೋಗುವ ಮಗ ಸುಳ್ಳು ಹೇಳಿಯಾನು ಎಂಬ ಭಯ ಅವಳಿಗೆ. ಮಗ ಲಿಂಗ ಕಳಚಿದನೋ, ಕಳೆದನೋ, ಯಾರದೋ ಮಾತಿಗೆ ಬಿಟ್ಟೇಕೊಟ್ಟನೋ. ಆ ಮೂರರಲ್ಲಿ ಒಂದು ನಿಜವಾದರೂ ಅವನು ತನ್ನವನಾಗಿ ಉಳಿಯುವುದಿಲ್ಲ ಎಂದು ಅವಳು ತಿಳಿದಿದ್ದಳು. ಅದಕ್ಕೇ ಸುತ್ತಿ ಬಳಸಿ ನೋಡತೊಡಗಿದಳು. ಖಾಜಾ ಮಾಮು ಕುಡಿದ ಲೋಟ ಎಲ್ಲಿಟ್ಟರು, ಇಬ್ಬರೂ ಉರ್ದುವಿನಲ್ಲಿ ಏನು ಮಾತಾಡಿಕೊಂಡರು, ಒಗೆಯಲು ಹಾಕಿದ ಕಾಕಾನ ಬನಿಯನ್ನಿನ ಕೊರಳಲ್ಲಿ ದಾರದ ಗುರುತು ಇದೆಯೋ ಇಲ್ಲವೋ. ಕೊನೆಗೆ ನನ್ನನ್ನು ಕರೆದಳು. ಬಾಗಿಲಿಗೆ ಕಿವಿಗೊಡುವುದು ಪಾಪ ಎಂದು ಶಾಲೆಯಲ್ಲಿ ಸಿಸ್ಟರ್ ಕಲಿಸಿದ್ದರು. ಮನೆಯಲ್ಲಿ ಆಯಿ ಅದನ್ನೇ ಕೆಲಸವಾಗಿ ಕೊಟ್ಟಳು. "ಒಳಗ ಏನ್ ಮಾಡಾಕತ್ತಾನ ನೋಡಿ ಬಾರವ್ವಾ. ನಿನಗ ಬ್ಯಾಡ ಅನ್ನಂಗಿಲ್ಲ."

ನಾನು ಬಾಗಿಲು ತಟ್ಟಿದೆ. ಕಾಕಾ ನನ್ನೊಬ್ಬಳನ್ನೇ ಒಳಗೆ ಬಿಟ್ಟು ಮತ್ತೆ ಅಗಳಿ ಹಾಕಿದ. ಕಿಟಕಿಯ ಕಟ್ಟೆಯ ಮೇಲೆ ಬಿಲ್ವಪತ್ರಿ, ವಿಭೂತಿ ಗಟ್ಟಿ, ಒಂದು ಲೋಟ ನೀರು. ಅವನು ನಿಂತೇ ಇದ್ದ. ಎಡಅಂಗೈಯಲ್ಲಿ ಲಿಂಗ ಇತ್ತು. ಪೂಜೆ ಮುಗಿಸಿ, ಮಂಚಕ್ಕೆ ಒರಗಿ, ಧೋತರ ಸರಿಸಿ, ಎಡ ಮೊಣಕಾಲಿಗೆ ಸುತ್ತಿದ ಪಟ್ಟಿ ಬಿಚ್ಚಿದ. ಅದು ಮೊಣಕಾಲಿನ ಹಾಗಿರಲಿಲ್ಲ. ಊದಿದ್ದ ಚರ್ಮ ಹೊಳೆಯುತ್ತಿತ್ತು, ಒಂದು ಮಗ್ಗುಲಿಗೆ ಹೊಲಿಗೆಯ ಸಾಲು ಇರುವೆ ಹರಿದಂತೆ ಕಾಣುತ್ತಿತ್ತು. "ಮಡಚಂಗಿಲ್ಲ ಇದು. ಅರ್ಧಕ್ಕ ನಿಂತ್ಕೊಳ್ತದ. ಬ್ಯಾರೆ ಊರಾಗ ಆಡಿದಾಗ ಆತು, ಖಾಜಾ ಬಿಟ್ರ ಕ್ಲಬ್ಬಿನವ್ರಿಗೂ ಗೊತ್ತಿಲ್ಲ" ಅಂದ. ಆಯಿಗೆ ಹೇಳು ಅಂದೆ. ತಲೆ ಅಲ್ಲಾಡಿಸಿದ. "ಈ ಊರಾಗ ಒಬ್ಬರ ಕಿವಿಗೆ ಬಿದ್ರ ತೊಗರಿ ಲಾರಿ ಜೋಡಿ ಹೈದರಾಬಾದಕ್ಕ ಹೋಗ್ತದ ಸುದ್ದಿ. ಅಲ್ಲಿಂದ ಗೋವಾಕ್ಕ. ಕಾಲು ಮುರಿದ ಎತ್ತಿಗೆ ಸಂತ್ಯಾಗ ಗಿರಾಕಿ ಇರ್ತಾರೇನು ಪುಟ್ಟಿ? ಮಳಿಗಾಲ ಮುಗಿಯೂತನ ಸುಮ್ಕಿರು. ಅಷ್ಟರಾಗ ಇಳೀತದ." ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಆಣೆ ಹಾಕಿಸಿಕೊಂಡ.

ಹೊರಗೆ ಆಯಿ ಕಾಯುತ್ತಿದ್ದಳು. "ಪೂಜಿ ಮಾಡಾಕತ್ತಾನ ಆಯಿ" ಅಂದೆ. ಅವಳ ಮುಖ ಅರಳಿದ್ದು ಇನ್ನೂ ನೆನಪಿದೆ. ಆದರೆ ಮರುಗಳಿಗೆಯಲ್ಲೇ ಕೇಳಿದಳು, "ಕುಂತೋ, ನಿಂತೋ?" ನಿಂತು, ಅಂದೆ. "ನಿಂತು ಮಾಡೂ ಪೂಜಿ ಯಾವ ಊರಿಂದು? ನಿಮ್ಮ ಸಾಲ್ಯಾಗ ಸಿಸ್ಟರ್‌ಗೋಳು ನಿಂತು ಮಾಡ್ತಾರಲ್ಲ, ಅದಾ?" ಎಂದು ಬೇಳೆಯ ಮೊರವನ್ನು ಕೊಡವಿ ಎದ್ದಳು. ಅರ್ಧ ನಿಜ ಅವಳ ಗುಮಾನಿಯನ್ನು ತಣಿಸುವ ಬದಲು ಉರಿಸಿತು.

ಅಫಜಲಪುರದವರು ಬಂದ ದಿನ ಬೆಳಗಿನಿಂದ ಹೂರಣ ಅರೆಯುವ ಸದ್ದು, ತುಪ್ಪದ ವಾಸನೆ. ಹುಡುಗಿಯ ಅಪ್ಪ ಬಿಳಿ ರುಮಾಲಿನ ಸಾಧು ಮನುಷ್ಯ. ಜೊತೆಗೆ ಅವರ ಅಣ್ಣ, ಅಕ್ಕ. ಮಾತು ಕುದುರಿ, ವೀಳ್ಯ ಬದಲಿಸುವ ಮೊದಲು ಗಂಡಿನ ಕೈಯಿಂದ ಲಿಂಗಪೂಜೆ ಆಗಲೆಂದು ಮಠದ ಅಯ್ಯನವರು ಮಣೆ ಹಾಕಿಸಿದರು. "ಬಾ ಮಹಾಂತಪ್ಪ, ಕೂಡು." ಕಾಕಾ ಕಂಬಕ್ಕೆ ಆತು ನಿಂತಿದ್ದ. ಒಮ್ಮೆ ಮಣೆಯನ್ನು ನೋಡಿದ. "ನಿಂತೇ ಮಾಡ್ತೇನ್ರಿ ಅಯ್ಯಾರ" ಅಂದ. ಹುಡುಗಿಯ ಸೋದರತ್ತೆ ಸೆರಗಿನ ಮರೆಯಲ್ಲಿ ಏನೋ ಪಿಸುಗುಟ್ಟಿದರು. ಆಗ ಆಯಿ ಒಳಬಾಗಿಲಿನಿಂದ ಹೊರಗೆ ಬಂದಳು. ಗಂಡಸರು ಕೂತಲ್ಲಿಗೆ ಅವಳು ಹಾಗೆ ಬಂದದ್ದನ್ನು ನಾನು ಮುಂಚೆ ನೋಡಿರಲಿಲ್ಲ.

"ಅಂಗಿ ಗುಂಡಿ ಬಿಚ್ಚಲೇ. ಲಿಂಗ ತೋರ್ಸು."

ಕಾಕಾ ಗುಂಡಿ ಬಿಚ್ಚಿದ. ಶಿವದಾರ ಇತ್ತು, ಲಿಂಗವಿದ್ದ ಬೆಳ್ಳಿಯ ಕರಡಿಗೆಯೂ ಇತ್ತು. ಪಡಸಾಲೆಯಲ್ಲಿ ಎಲ್ಲರೂ ಒಮ್ಮೆಗೇ ಉಸಿರುಬಿಟ್ಟರು, ಅಯ್ಯನವರು "ಸಾಕು ತಾಯಿ" ಅಂದರು. ಆಯಿಗೆ ಸಾಕಾಗಲಿಲ್ಲ. ಹತ್ತಿರ ಹೋಗಿ, ತನಗಿಂತ ಎತ್ತರದ ಮಗನ ಕೊರಳ ಹಿಂದೆ ಕೈಹಾಕಿ ಗಂಟನ್ನು ಬೆರಳಿನಿಂದ ತಡವಿದಳು.

"ಈ ಗಂಟು ನಂದಲ್ಲ."

ಕಾಕಾ ತಡವರಿಸುತ್ತ ಹೇಳಿದ. ಕೊರಳಲ್ಲಿ ಏನಿದ್ದರೂ ರೆಫರಿ ಆಡಲು ಬಿಡುವುದಿಲ್ಲ, ತಾಯತವಾಗಲಿ ಶಿಲುಬೆಯಾಗಲಿ ಶಿವದಾರವಾಗಲಿ ಎಲ್ಲರೂ ತೆಗೆದೇ ಇಳಿಯಬೇಕು, ಅದು ಆಟದ ಕಾಯಿದೆ. "ಹಂಗಾದ್ರ ನೀ ಆಡೂ ಮುಂದ ಲಿಂಗ ಎಲ್ಲಿರ್ತಿತ್ತು?" ಎಂದು ಆಯಿ ಕೇಳಿದಳು. ಕಾಕಾ ಹೊಸ್ತಿಲ ಕಡೆ ನೋಡಿದ. ಅಫಜಲಪುರದವರು ಅವನನ್ನೇ ನೋಡುತ್ತಿದ್ದರು. ಹೊರಗಿನ ಕಟ್ಟೆಯಿಂದ ಆ ಮೆತ್ತನೆಯ ದನಿ ಬಂತು. "ನನ್ನ ಕಡಿ ಇರ್ತಿತ್ರಿ ಆಯಿ. ಕರ್ಚೀಫಿನ್ಯಾಗ ಸುತ್ತಿ ಎದಿ ಕಿಸೆದಾಗ ಇಟ್ಕೊಂಡು ಕೂಡ್ತಿದ್ದೆ. ನೆಲಕ್ಕ ಇಟ್ಟಿಲ್ಲ, ಅಲ್ಲಾನ ಆಣಿ." ಖಾಜಾ ಮಾಮು ಹೊಸ್ತಿಲ ಹೊರಗೆ ತಲೆ ಬಗ್ಗಿಸಿ ನಿಂತಿದ್ದರು. ಆಯಿ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. "ಅದಾ ಕಿಸೆದಾಗ ಬೀಡಿ ಇರ್ತಿದ್ವೇನು?" "ಬೀಡಿ ಸೇದಿದ್ರ ಕೋಚ್ ಬೂಟು ತಗೊಂಡು ಹೊಡೀತಿದ್ರಿ ಆಯಿ." ಬೇರೆ ದಿನವಾಗಿದ್ದರೆ ಇಡೀ ಮನೆ ನಗುತ್ತಿತ್ತು. ಅಫಜಲಪುರದವರು ಬಹಳ ಮರ್ಯಾದೆಯಿಂದ ಎದ್ದರು. ಹೊತ್ತಾಯ್ತು, ಬಸ್ಸು ತಪ್ಪೀತು, ಮುಂದೆ ನೋಡೋಣ್ರಿ ಅಂದರು. ಹೋಳಿಗೆ ತಿನ್ನಲಿಲ್ಲ. ಅವರು ಹೋದ ಮೇಲೆ ತಟ್ಟೆಗಳಲ್ಲಿ ತುಪ್ಪ ಹೆಪ್ಪುಗಟ್ಟುವುದನ್ನು ನಾನು ನೋಡುತ್ತ ಕೂತಿದ್ದೆ.

ಅವತ್ತೇ ಸಂಜೆ ಆಯಿ ಹೊಸ ದಾರ ಹೊಸೆದಳು. ಮಗನನ್ನು ಮೆಟ್ಟಿಲ ಮೇಲೆ ಕೂರಿಸಿ, ಹಿಂದೆ ನಿಂತು, ಹಳೆಯ ದಾರ ತೆಗೆದು ತನ್ನ ಕೈಯಾರೆ ಗಂಟು ಹಾಕಿದಳು. "ನಾ ಸಾಯೂತನ ಇದನ್ನ ಬಿಚ್ಚಬ್ಯಾಡ. ಬಿಚ್ಚಿದ್ರ ನನ್ನ ಮುಖಾ ನೋಡಬ್ಯಾಡ." ಕಾಕಾ ಹೂಂ ಅಂದ. ಮಳೆಗಾಲ ಮುಗಿಯಿತು. ಗೋವಾದ ಮಾತನ್ನು ಅವನು ಎತ್ತಲಿಲ್ಲ. ಬೂಟುಗಳನ್ನು ಖಾಜಾ ಮಾಮುವಿಗೆ ಕೊಟ್ಟು, ಅಪ್ಪನ ಜೊತೆ ಬೇಳೆಯ ಮಿಲ್ಲಿಗೆ ಹೋಗತೊಡಗಿದ. ಆಯಿ ಬಂದವರಿಗೆಲ್ಲ ಹೇಳಿದಳು, "ನಮ್ಮ ಮಾಂತು ಆಟ ಬಿಟ್ಟ, ದಾರ ಬಿಡ್ಲಿಲ್ಲ." ಗೋಲು ಹೊಡೆದಾಗ ಹೇಳದ ಹೆಮ್ಮೆಯನ್ನು ಅವಳು ಆಗ ಹೇಳಿಕೊಂಡಳು. ಕಾಕಾ ಅಲ್ಲೇ ಇದ್ದರೂ ತಿದ್ದಲಿಲ್ಲ. ಊತ ಇಳಿಯದ ಕಾಲು ಅವನನ್ನು ಆಗಲೇ ಮನೆಗೆ ಕಳಿಸಿತ್ತೆಂದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಅವನು ಯಾಕೆ ಹೇಳಲಿಲ್ಲ ಎಂದು ಈಗಲೂ ಯೋಚಿಸುತ್ತೇನೆ. ತಾಯಿ ಗೆದ್ದೆ ಎಂದುಕೊಂಡಿರಲಿ ಎಂಬ ಪ್ರೀತಿಯೋ? ಕಾಲು ಹೋಗಿ ಬಿದ್ದವನು ಅನ್ನಿಸಿಕೊಳ್ಳುವುದಕ್ಕಿಂತ ತಾಯಿಗಾಗಿ ಬಿಟ್ಟವನು ಅನ್ನಿಸಿಕೊಳ್ಳುವುದು ಚೆಂದ ಎಂಬ ಆಟಗಾರನ ಬಿಂಕವೋ? ಅವನ ಕಣ್ಣು ಯಾವ ಕಡೆ, ಕಾಲು ಯಾವ ಕಡೆ ಎಂದು ನನಗೆ ತಿಳಿಯಲೇ ಇಲ್ಲ. ನಾನು ಮೆತ್ತಗಿನ ಹೆಂಗಸು, ಯಾರನ್ನೂ ಗದರಿಸಿ ಕೇಳಿದವಳಲ್ಲ. ಆದರೂ ಆಯಿಯ ರಕ್ತ ಒಂದಿಷ್ಟು ನನ್ನಲ್ಲೂ ಇದೆ. ಅತಿ ಒಳ್ಳೆಯತನ ಕಂಡಾಗಲೆಲ್ಲ ಅದರ ಗಂಟನ್ನು ಒಮ್ಮೆ ತಡವಿ ನೋಡುವ ಮನಸ್ಸಾಗುತ್ತದೆ.

ಆಯಿಗೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ದಾರ ಇದೆ, ಗಂಟು ತನ್ನದೇ, ಆದರೂ ಮಗ ಪೂಜೆಗೆ ನಮ್ಮ ಸಾಲಿನಲ್ಲಿ ಕೂರುವುದಿಲ್ಲ. ಯಾಕೆ? ಸಿಟ್ಟು ಇನ್ನೂ ಇಳಿದಿಲ್ಲ ಎಂದು ಒಮ್ಮೆ, ಒಳಗೊಳಗೆ ಬೇರೆ ಏನೋ ಇದೆ ಎಂದು ಇನ್ನೊಮ್ಮೆ ಅವಳು ಲೆಕ್ಕ ಹಾಕುತ್ತಿದ್ದಳು. ಕಾಕಾ ಮದುವೆಯಾಗಲಿಲ್ಲ. ನಡಿಗೆ ಕುಂಟಿದರೆ ಮಿಲ್ಲಿನ ಚೀಲದ ಭಾರ ಎನ್ನುತ್ತಿದ್ದ. ಪ್ರತಿದಿನ ಮಿಲ್ಲಿಗೆ ಹೋಗುವ ಮುನ್ನ ಗೋಡೆ ಹಿಡಿದು ಬಾಗಿ ಅವಳ ಕಾಲು ಮುಟ್ಟುತ್ತಿದ್ದ. ಅವಳು ಅವನ ತಲೆ ಸವರಿ, ಕೈಯನ್ನು ಹಾಗೇ ಕೊರಳ ಹಿಂದಕ್ಕೆ ಇಳಿಸುತ್ತಿದ್ದಳು. ನೋಡಿದವರು ಆಶೀರ್ವಾದ ಎನ್ನುತ್ತಿದ್ದರು. ಕೊನೆಯ ದಿನಗಳಲ್ಲಿ, ಕಣ್ಣು ಮಂಜಾಗಿ ನನ್ನ ಗುರುತೂ ಹತ್ತದಿದ್ದಾಗ ಕೂಡ ಆ ಬೆರಳು ಗಂಟನ್ನು ಹುಡುಕಿ ಹಿಡಿಯುತ್ತಿತ್ತು. "ಮಾಂತು, ಒಂದ್ಸಲ ನನ್ನ ಮಗ್ಗಲಿಗೆ ಕೂಡೋ" ಎಂದು ಅವಳು ಕೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. ಕಾಕಾ ಮಂಚದ ಅಂಚಿಗೆ ಕಾಲು ಚಾಚಿ ಕೂತ. "ಹಂಗಲ್ಲೋ, ನೆಟ್ಟಗ ಕೂಡು" ಅಂದಳು. ಆಗಲೂ ಅವನು ಹೇಳಲಿಲ್ಲ.

ಮುತ್ಯಾ ಹೋದರು, ಆಯಿ ಹೋದಳು, ಅಪ್ಪ ಅವ್ವನೂ ಹೋದರು. ವಾಡೆಯನ್ನು ಕೆಡವಿ ಅಲ್ಲಿ ಮೊಬೈಲ್ ಅಂಗಡಿ, ಬಟ್ಟೆ ಅಂಗಡಿ ಎದ್ದಿವೆ. ಕಾಕಾ ನರೋಣಾದ ನಮ್ಮ ಹೊಲದ ಮನೆಯಲ್ಲಿ ಇರತೊಡಗಿದ. ಹೋದ ಚಳಿಗಾಲ ಅವನು ಹಾಸಿಗೆ ಹಿಡಿದ ಸುದ್ದಿ ಕೇಳಿ ಖಾಜಾ ಮಾಮು ಜೇವರ್ಗಿಯಿಂದ ಬಂದು ಅವನ ಬಳಿಯೇ ಉಳಿದರು. ಒಂದು ಬೆಳಗ್ಗೆ, ತೊಗರಿ ಹೊಲದ ಮೇಲೆ ಮಂಜು ಇನ್ನೂ ಕೂತಿದ್ದಾಗ, ಕಾಕಾ ತೀರಿಕೊಂಡ. ನಾನು ಅಲ್ಲೇ ಇದ್ದೆ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಚಕ್ಕಳಮಕ್ಕಳ ಹಾಕಿಸಿ, ಎಡಅಂಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತಂತೆಯೇ ಮಣ್ಣಿಗೆ ಇಳಿಸುತ್ತೇವೆ. ಊರವರು ಬಂದು ಕಾಕಾನನ್ನು ಎತ್ತಿ ಗೋಡೆಗೆ ಒರಗಿಸಿದರು. ಬಲಗಾಲು ಮಡಚಿತು. ಎಡಗಾಲು ಮಡಚಲಿಲ್ಲ. ಇಬ್ಬರು ಒತ್ತಿ ನೋಡಿ ಹಿಂದೆ ಸರಿದರು. "ಬದುಕಿದ್ದಾಗೂ ಪೂಜಿಗೆ ಕುಂತವನಲ್ಲ ಬಿಡ್ರಿ" ಎಂದು ಹಿಂದಿನಿಂದ ಒಬ್ಬ ಮುದುಕ ಅಂದ. ಇನ್ನೊಬ್ಬ, "ಹೈದರಾಬಾದದಾಗ ಲಿಂಗಾ ತೆಗೆದಿದ್ದನಂತಲ್ಲ" ಎಂದು ದನಿ ತಗ್ಗಿಸಿದ. ಇಷ್ಟು ವರ್ಷವಾದರೂ ಆ ಮಾತು ಸತ್ತಿರಲಿಲ್ಲ. ಆಗ ಖಾಜಾ ಮಾಮು ಮೂಲೆಯಿಂದ ಎದ್ದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಯಾರೂ ತಡೆಯಲಿಲ್ಲ. "ಜೋರ್ ಮಾಡಬ್ಯಾಡ್ರಿ" ಅಂದರು. "ಆಟದಾಗ ಮುರಿದ ಕಾಲು ಅದು. ಜೋರಿಗೆ ಬಗ್ಗಂಗಿಲ್ಲ." ಕಾಕಾನ ಧೋತರ ಸರಿಸಿ, ಆ ಹೊಲಿಗೆಯ ಗುರುತನ್ನು ಎಲ್ಲರೂ ನೋಡುವಂತೆ ತೆರೆದಿಟ್ಟರು. ಆಮೇಲೆ ಎರಡೂ ಕೈಯಿಂದ ಮೊಣಕಾಲನ್ನು ಹಿಡಿದು, ಹೈದರಾಬಾದಿನ ಕೋಣೆಯಲ್ಲಿ ಎಷ್ಟು ಸಲ ತಿಕ್ಕಿದ್ದರೋ ಹಾಗೇ ನಿಧಾನವಾಗಿ ತಿಕ್ಕುತ್ತ, ಪಾದವನ್ನು ಮೊದಲು ಹೊರಗೆ ತಿರುಗಿಸಿ, ಆಮೇಲೆ ಒಳಗೆ ತಂದರು. "ಆಯ್ತು ಭಾಯಿ, ಆಯ್ತು, ಇಷ್ಟಾ" ಎನ್ನುತ್ತಿದ್ದರು. ಹಿಂದೆ ನಿಂತಿದ್ದ ಮುದುಕರು ಮುಂದೆ ಬಂದು ಕಾಕಾನ ಬೆನ್ನಿಗೆ ಕೈಕೊಟ್ಟರು.

ಕಾಲು ಮಡಚಿತು. ಅಯ್ಯನವರು ಅಂಗೈಯಲ್ಲಿ ಲಿಂಗವಿಟ್ಟು, ಹಣೆಗೆ ವಿಭೂತಿ ಎಳೆದರು. ಆಯಿ ಕೇಳಿದಂತೆ ಕಾಕಾ ನೆಟ್ಟಗೆ ಕೂತಿದ್ದ. ಆ ಬೇಸಿಗೆಯ ನಂತರ ಅವನು ಹಾಗೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವನ ಮಗ್ಗುಲಲ್ಲಿ, ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು.